ಹಸಿರು ಬಣ್ಣದ ಕೆಳಗಿದ್ದ ಗಿಳಿ: ಬಿಟ್ಟಿ ಸಿಕ್ಕ ತೊಟ್ಟಿಲು ಸರಿಮಾಡಿದ ನಾಲ್ಕು ತಿಂಗಳು

ತೊಟ್ಟಿಲಿಗೆ ಕೊನೆಯ ಕೈ ಪಾಲಿಶ್ ಹಾಕಿ ಮೂರು ದಿನ ಆಯಿತು. ಈಗ ಬೆರಳು ಇಟ್ಟರೆ ಅಂಟುವುದಿಲ್ಲ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ ಜನವರಿಯಲ್ಲಿ ಹಿಡಿದ ಕೆಲಸ, ಮುಗಿಯುವ ಹೊತ್ತಿಗೆ ಮೇ ಕೊನೆ. ನಡುವೆ ಎರಡು ಸಲ ಸಾಕು ಬಿಡೋಣ ಅನಿಸಿತ್ತು. ಒಂದು ತಪ್ಪು ಮಾಡಿದೆ, ಅದನ್ನು ಸರಿಮಾಡಲು ಆಗಲೇ ಇಲ್ಲ. ಕೆಡವಿದ ಮನೆಗಳ ಮುಂದೆ ಬಿದ್ದಿರುವ ಹಳೆ ಕಟ್ಟಿಗೆ ಸಾಮಾನು ನೋಡಿ ಹೊಟ್ಟೆ ಉರಿಯುವವರು ನನ್ನಂಥವರು ಬಹಳ ಜನ ಇದ್ದೀರಿ. ನನಗೆ ಆದದ್ದು ನಿಮಗೆ ಆಗಬಾರದು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಕೊಪ್ಪಳದ ಹಳೆ ಊರಿನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುವ ಓಣಿಯಲ್ಲಿ ಒಂದು ಮಣ್ಣಿನ ಮಾಳಿಗೆ ಮನೆ ಕೆಡವುತ್ತಿದ್ದರು. ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲಾ ಇಳಿಸಿ ಒಂದು ಕಡೆ ಜೋಡಿಸಿದ್ದರು. ಇನ್ನೊಂದು ಕಡೆ ಕಸದ ಗುಡ್ಡೆ. ಅದರ ಮೇಲೆ ಒಂದು ಉದ್ದನೆಯ ಬೆಂಚು, ಒಂದು ಮೇಜು, ಕಾಲು ಕಳಚಿದ ಒಂದು ತೊಟ್ಟಿಲು. ಬೆಂಚು, ತೊಟ್ಟಿಲು ಎರಡಕ್ಕೂ ಬಾಗಿಲಿಗೆ ಬಳಿಯುವಂಥ ದಪ್ಪ ಹಸಿರು ಬಣ್ಣ. ಮನೆಯ ಯಜಮಾನರು ಅಲ್ಲೇ ನಿಂತಿದ್ದರು.

"ಅಣ್ಣಾರ, ಇವನ್ನ ಏನ್ ಮಾಡ್ತೀರಿ?" ಅಂತ ಕೇಳಿದೆ.

"ಒಲಿಗೆ ಹೊಕ್ಕಾವರಿ ಅಕ್ಕಾರ. ಬೇಕಂದ್ರ ತಗೊಂಡ್ ಹೋಗ್ರಿ."

ನನಗೆ ಬೇಕಾಗಿದ್ದದ್ದು ಬೆಂಚು ಮಾತ್ರ. ಆದರೆ ಒಲೆಗೆ ಹೋಗುತ್ತದೆ ಅಂದಾಗ ತೊಟ್ಟಿಲನ್ನು ಬಿಟ್ಟು ಬರಲು ಮನಸ್ಸು ಬರಲಿಲ್ಲ. ಮರುದಿನ ಸಂಜೆ ಟಂಟಂ ಆಟೋ ತರುತ್ತೇನೆ ಎಂದು ಹೇಳಿ ಹೋದೆ.

ಮರುದಿನ ಟಂಟಂ ಬಂತು, ಯಜಮಾನರು ಇರಲಿಲ್ಲ. ಮನೆ ಕೆಡವುವ ಗುತ್ತಿಗೆ ಹಿಡಿದವನು ಅಡ್ಡ ನಿಂತ. ಇದು ನನಗೆ ಗೊತ್ತಿರಲಿಲ್ಲ, ಗಮನವಿಟ್ಟು ಓದಿ. ಹಳೆ ಮನೆ ಕೆಡವುವಾಗ ಎಷ್ಟೋ ಸಲ ಮಾಲೀಕರು ಕೂಲಿ ಕೊಡುವುದಿಲ್ಲ. ಒಳಗಿನ ಕಟ್ಟಿಗೆ, ಕಬ್ಬಿಣ, ಕಲ್ಲು ಗುತ್ತಿಗೆದಾರನಿಗೆ ಅಂತ ಮಾತಾಗಿರುತ್ತದೆ. ಹಾಗಾಗಿ ಮಾಲೀಕರು ಬಾಯಿಮಾತಲ್ಲಿ ಕೊಟ್ಟದ್ದು ಅವನ ಲೆಕ್ಕದಲ್ಲಿ ಅವನ ಮಾಲು. ಅವನದ್ದೂ ತಪ್ಪಲ್ಲ. ಯಜಮಾನರು ಗಂಗಾವತಿಗೆ ಹೋಗಿದ್ದರು, ಬರಲು ಎರಡು ದಿನ. ಆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಗುಡ್ಡೆಗೆ ಯಾರಾದರೂ ಬೆಂಕಿ ಹಚ್ಚಿದರೆ ಅಂತ ಬೆಳಿಗ್ಗೆ ಎದ್ದು ಓಣಿಗೆ ಹೋಗಿ ನೋಡಿ ಬರುತ್ತಿದ್ದೆ.

ಕೊನೆಗೆ ಮೂವರೂ ಸೇರಿದೆವು. ತೊಟ್ಟಿಲಿನ ಹಿತ್ತಾಳೆ ಸರಪಳಿ, ಕೊಂಡಿ ಗುತ್ತಿಗೆದಾರನಿಗೆ, ಕಟ್ಟಿಗೆ ನನಗೆ. ನಾನು ಒಂದು ಹಾಳೆ ಮೇಲೆ ಬರೆಸಿಕೊಂಡೆ: ಇಂಥ ದಿನ, ಇಂಥ ಸಾಮಾನು, ದುಡ್ಡು ತೆಗೆದುಕೊಳ್ಳದೆ ಇವರಿಗೆ ಕೊಟ್ಟಿದ್ದೇವೆ ಎಂದು ಇಬ್ಬರ ಸಹಿ. ಯಜಮಾನರು ನಕ್ಕರು. ಆದರೆ ದಾರಿಯಲ್ಲಿ ಸಾಗವಾನಿ ಎಲ್ಲಿಂದ ತಂದಿರಿ ಎಂದು ಯಾರಾದರೂ ಕೇಳಿದರೆ ಕೈಯಲ್ಲಿ ಒಂದು ಚೀಟಿ ಇರಲಿ ಅಲ್ವಾ. ಇನ್ನೊಂದು ಮಾತು. ಸರ್ಕಾರಿ ಶಾಲೆ, ಕಚೇರಿ ಹಿಂದೆ ಬಿದ್ದಿರುವ ಮುರುಕು ಬೆಂಚು, ಮೇಜು ನೋಡಿ ಹಾಗೇ ಎತ್ತಿಕೊಂಡು ಬರಬೇಡಿ. ಮುರಿದಿದ್ದರೂ ಅದು ದಾಸ್ತಾನು ಪುಸ್ತಕದಲ್ಲಿ ಇರುತ್ತದೆ. ಅದನ್ನು ತೆಗೆದುಹಾಕಿ ಹರಾಜು ಮಾಡುವ ಕ್ರಮ ಇದೆ. ಅಲ್ಲಿಯ ಸಿಬ್ಬಂದಿ ಬಾಯಿಮಾತಲ್ಲಿ ಹೂಂ ಅಂದರೂ ಸಾಲದು.

ಮೇಜನ್ನು ಅಲ್ಲೇ ಬಿಟ್ಟೆ. ಅದು ಮಾವಿನ ಹಲಗೆ. ಕೈಯಿಂದ ತಟ್ಟಿದರೆ ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿತ್ತು. ಹಾಗೆ ಹೊಸ ಹಿಟ್ಟು ಉದುರಿದರೆ ಒಳಗೆ ಹುಳ ಇನ್ನೂ ಬದುಕಿದೆ ಅಂತ ತಿಳಿಯಿರಿ. ತೂತು ಹಳತಾಗಿ, ಒಳಗೆ ಧೂಳು ತುಂಬಿ, ತಟ್ಟಿದಾಗ ಏನೂ ಬೀಳದಿದ್ದರೆ ಆ ಸಾಮಾನು ತರಬಹುದು. ಅನುಮಾನ ಇದ್ದರೆ ಕೆಳಗೆ ಕರಿ ಬಟ್ಟೆ ಹಾಸಿ ಒಂದು ವಾರ ಹೊರಗೇ ಇಡಿ, ಬಟ್ಟೆಯೇ ಹೇಳುತ್ತದೆ. ಸಂದಿಗಳಲ್ಲಿ ತಗಣಿ ಇದೆಯಾ ಎಂದೂ ಬ್ಯಾಟರಿ ಹಾಕಿ ನೋಡಿ. ಮನೆಯೊಳಗೆ ತಂದ ಮೇಲೆ ನೋಡುವುದಲ್ಲ.

ಬೆಂಚು ಸುಲಭದ್ದು ಅಂದುಕೊಂಡಿದ್ದೆ, ಸುಮಾರಾಗಿ ಹಾಗೇ ಆಯಿತು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಕೆಳಗೆ ಕಂದು ಬಣ್ಣದ ಹಳೆ ಪಾಲಿಶ್ ಕಾಣುತ್ತಿತ್ತು. ನಮ್ಮ ಬಡಿಗೇರ ಕಾಕಾ ಒಂದು ಪರೀಕ್ಷೆ ತೋರಿಸಿಕೊಟ್ಟರು. ಹತ್ತಿಗೆ ಸ್ಪಿರಿಟ್ ಹಚ್ಚಿ ಆ ಜಾಗದ ಮೇಲೆ ಒಂದು ನಿಮಿಷ ಇಡಬೇಕು. ಪಾಲಿಶ್ ಮೆತ್ತಗಾಗಿ ಹತ್ತಿಗೆ ಬಂದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್ ಅಥವಾ ಎಣ್ಣೆ ಬಣ್ಣ. ನನ್ನದು ಅರಗು. ಅರಗಿನ ಮೇಲೆ ಬಳಿದ ಎಣ್ಣೆ ಬಣ್ಣ, ಕೆರೆಯುವ ಪಟ್ಟಿ ಇಟ್ಟು ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು. ಬಾಜು ಮನೆಯವರು ಕಾಸ್ಟಿಕ್ ಸೋಡಾ ನೀರು ಹಾಕಿ ತೊಳೆದುಬಿಡಿ ಅಂದರು. ಬೆಂಚಿನ ಅಡಿಭಾಗದಲ್ಲಿ ಒಂದು ಗೇಣು ಜಾಗಕ್ಕೆ ಹಾಕಿ ನೋಡಿದೆ. ಬಣ್ಣ ಹೋಯಿತು, ಜೊತೆಗೆ ಕಟ್ಟಿಗೆ ಕಪ್ಪಗಾಯಿತು. ಆ ಕಪ್ಪು ಇನ್ನೂ ಇದೆ. ಕಾಣದ ಕಡೆ ಮೊದಲು ಹಾಕಿ ನೋಡಿದ್ದೇ ಪುಣ್ಯ.

ಬೆಂಚಿಗೆ ಗಾಣದಿಂದ ಅಗಸಿ ಎಣ್ಣೆ ತಂದು ಹಚ್ಚಿದೆ. ನಮ್ಮ ಕಡೆ ಅಗಸಿ ಅಂದರೆ ಚಟ್ನಿ ನೆನಪಾಗುತ್ತದೆ, ಆದರೆ ಕಟ್ಟಿಗೆಗೂ ಅದು ಒಳ್ಳೆಯ ಎಣ್ಣೆ. ಜಾಸ್ತಿ ಹಚ್ಚಿದರೆ ಜಾಸ್ತಿ ಹೊಳೆಯುತ್ತದೆ ಅಂದುಕೊಂಡು ಧಾರಾಳ ಸುರಿದೆ. ಹನ್ನೆರಡು ದಿನ ಆದರೂ ಅಂಟು ಹೋಗಲಿಲ್ಲ, ಓಣಿಯ ಧೂಳೆಲ್ಲಾ ಅದಕ್ಕೇ ಬಂದು ಕೂತಿತು. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ತೆಗೆದು ಮತ್ತೆ ತೆಳ್ಳಗೆ ಹಚ್ಚಿದೆ. ಹಚ್ಚಿ ಇಪ್ಪತ್ತು ನಿಮಿಷಕ್ಕೆ ಒಣ ಬಟ್ಟೆಯಿಂದ ಪೂರ್ತಿ ಒರೆಸಬೇಕು, ಇಷ್ಟೇ ಗುಟ್ಟು. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯ ಒಳಗೆ ಆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಬಹುದು. ನಮ್ಮ ಬಿಸಿಲಿಗೆ ಕೇಳಬೇಕೇ. ಹರಡಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ ಇಡಿ.

ಈಗ ತೊಟ್ಟಿಲು.

ಇದು ನಿಂತ ತೊಟ್ಟಿಲು. ಎರಡು ಕಡೆ ಕಂಬ, ಮೇಲೆ ಅಡ್ಡಪಟ್ಟಿ, ನಡುವೆ ಸರಪಳಿಗೆ ತೂಗುವ ಪೆಟ್ಟಿಗೆ. ತಲೆಯ ಕಡೆ ಒಂದು ಅಗಲ ಹಲಗೆ. ಕಂಬಗಳ ಕೆಲಸ ಫೆಬ್ರವರಿಯಲ್ಲಿ ಮುಗಿಯಿತು. ಬಣ್ಣ ತೆಗೆಯುವ ರಿಮೂವರ್ ಹಚ್ಚುವುದು, ಉಬ್ಬುವವರೆಗೆ ಕಾಯುವುದು, ಕೆರೆಯುವುದು. ಕಡೆದ ಗುಂಡುಗಳ ಸಂದಿಯಲ್ಲಿ ಹಳೆ ಹಲ್ಲುಜ್ಜುವ ಬ್ರಷ್. ಒಂದು ಕಂಬಕ್ಕೆ ನಾಲ್ಕು ಸಂಜೆ. ಆಫೀಸಿನಿಂದ ಬಂದು ಆರೂವರೆಗೆ ಕೂತರೆ ಅವ್ವ ಊಟಕ್ಕೆ ಕರೆಯುವವರೆಗೆ ಅದೇ.

ಹಲಗೆಯ ಹೊತ್ತಿಗೆ ನನಗೆ ಸಾಕಾಗಿತ್ತು. ಸಪಾಟು ಹಲಗೆ, ಇದಕ್ಕೇನು ರಿಮೂವರ್ ಅಂತ ಬಡಿಗೇರ ಕಾಕಾನ ಹತ್ತಿರ ಉಜ್ಜುವ ಮಷಿನ್ ತಂದೆ. 80 ನಂಬರಿನ ಉಪ್ಪಿನ ಕಾಗದ ಹಾಕಿ ಎಡ ಮೂಲೆಯಿಂದ ಶುರು ಮಾಡಿದೆ. ಹಸಿರು ಧೂಳು ಎದ್ದಿತು. ಆಮೇಲೆ ಅದರಲ್ಲಿ ಕೆಂಪು ಸೇರಿತು, ಅದರ ಹಿಂದೆಯೇ ಧೂಳು ಬೆಳ್ಳಗಾಯಿತು. ಹಳೆ ಲಪ್ಪ ಇರಬೇಕು ಅಂದುಕೊಂಡೆ. ಆಗಲೂ ನಿಲ್ಲಿಸಲಿಲ್ಲ. ಕಟ್ಟಿಗೆ ಕಂಡ ಮೇಲೆ ಮಷಿನ್ ಆರಿಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ನನ್ನ ಅಂಗೈಯಷ್ಟು ಜಾಗ ಬರಿ ಕಟ್ಟಿಗೆ. ಅದರ ಅಂಚಿನಲ್ಲಿ ಬೆರಳುದ್ದ ಒಂದು ಗೆರೆ, ಬಳೆಯಂತೆ ಬಾಗಿದ್ದು, ಕೆಂಪು. ಅದರ ಕೆಳಗೆ ಸಣ್ಣ ಸಣ್ಣ ಹಳದಿ ಗರಿ, ಒಂದೊಂದೂ ಅಕ್ಕಿಕಾಳಿನಷ್ಟು. ಅದು ಒಂದು ಗಿಳಿಯ ಕೊರಳು. ತಲೆ ಇರಬೇಕಾದ ಜಾಗವನ್ನೇ ನಾನು ಉಜ್ಜಿ ತೆಗೆದಿದ್ದೆ.

ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಅವ್ವ ಬಂದು ನೋಡಿ ಏನೂ ಅನ್ನಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮುಂದಿನ ಭಾನುವಾರ ಹಲಗೆಯನ್ನು ಹಳೆ ಕೌದಿಯಲ್ಲಿ ಸುತ್ತಿ ಕಿನ್ನಾಳಕ್ಕೆ ಹೋದೆ. ಕೊಪ್ಪಳದವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ: ಕಿನ್ನಾಳ ನಮ್ಮ ಊರಿನ ಹತ್ತಿರವೇ ಇರುವ ಹಳ್ಳಿ, ಅಲ್ಲಿಯ ಚಿತ್ರಗಾರ ಮನೆತನಗಳು ಕಟ್ಟಿಗೆಯ ಗೊಂಬೆ, ದೇವರ ಮೂರ್ತಿ, ತೊಟ್ಟಿಲು ಮಾಡಿ ಬಣ್ಣ ಹಾಕುವುದಕ್ಕೆ ಹೆಸರಾದವರು. ಒಬ್ಬ ಹಿರಿಯರ ಮನೆ ತೋರಿಸಿದರು. ಅವರು ಹಲಗೆಯನ್ನು ಬಾಗಿಲ ಬೆಳಕಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿದರು. ಉಜ್ಜಿದ ಜಾಗದ ಅಂಚನ್ನು ಉಗುರಿನಿಂದ ಮುಟ್ಟಿದರು. ಅಲ್ಲಿ ಹಸಿರು, ಅದರ ಕೆಳಗೆ ಕೆಂಪು, ಅದರ ಕೆಳಗೆ ಬಿಳಿ, ಅದರ ಕೆಳಗೆ ನೂಲಿನ ಎಳೆ, ಆಮೇಲೆ ಕಟ್ಟಿಗೆ. ಈರುಳ್ಳಿ ಕೊಯ್ದಂತೆ ಪದರ ಪದರ ಕಾಣುತ್ತಿತ್ತು.

"ನಮ್ಮೂರಿಂದ ಅಂತ ಖರೆ ಹೇಳಾಕ ಬರಂಗಿಲ್ಲ ತಂಗಿ. ಆದ್ರ ಕೈ ನಮ್ಮಂಥದ್ದ ಐತಿ," ಅಂದರು. "ಇನ್ನ ಇದಕ್ಕ ಉಪ್ಪಿನ ಕಾಗದ ಮುಟ್ಟಿಸಬ್ಯಾಡ. ನೀರೂ ಹಾಕಬ್ಯಾಡ."

ಯಾಕೆ ಎಂದು ಅವರೇ ತಿಳಿಸಿ ಹೇಳಿದರು. ಕಟ್ಟಿಗೆಯ ಮೇಲೆ ಮೊದಲು ಕಿಟ್ಟ ಬಳಿಯುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ್ದೇ ಕಿಟ್ಟ. ಅದರ ಮೇಲೆ ಅದೇ ಅಂಟಿನಿಂದ ಹತ್ತಿ ಬಟ್ಟೆಯ ತುಂಡು. ಅದರ ಮೇಲೆ ಕಲ್ಲಿನ ಪುಡಿಯ ಬಿಳಿ ತಳ. ಬಣ್ಣ ಕೊನೆಗೆ. ಹುಣಸೆ ಬೀಜದ ಅಂಟು ನೀರಿಗೆ ಮೆತ್ತಗಾಗುತ್ತದೆ. ನಾನು ಒದ್ದೆ ಬಟ್ಟೆಯಿಂದ ಒರೆಸಿದ್ದೆ ಅಂದಾಗ ಅವರು ಕಣ್ಣು ಮುಚ್ಚಿಕೊಂಡರು. ರಿಮೂವರ್ ಹಚ್ಚಿದ್ದರೆ ಹಸಿರಿನ ಜೊತೆ ಎಲ್ಲವೂ ಎದ್ದು ಬರುತ್ತಿತ್ತು.

ಇದರಲ್ಲಿ ನೀವು ತಿಳಿಯಬೇಕಾದದ್ದು ಹೇಳುತ್ತೇನೆ. ಬಣ್ಣ ಬಳಿದ ಯಾವ ಹಳೆ ಸಾಮಾನೇ ಆಗಲಿ, ಮೊದಲು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಚಾಕುವಿನ ತುದಿಯಿಂದ ಒಂದೊಂದೇ ಪದರ ತೆಗೆದು ನೋಡಿ. ಕೆಳಗೆ ಪಾಲಿಶ್ ಅಥವಾ ಕಟ್ಟಿಗೆ ಇದ್ದರೆ ಮುಂದುವರಿಯಿರಿ. ಬಿಳಿ ತಳ, ಬಟ್ಟೆ, ಬೇರೆ ಬಣ್ಣ ಕಂಡರೆ ಕೈ ಎತ್ತಿ. ಹೀಗೆ ಎರಡು ಮೂರು ಕಡೆ ನೋಡಲು ಅರ್ಧ ಗಂಟೆ ಸಾಕು. ನಾನು ಆ ಅರ್ಧ ಗಂಟೆ ಕೊಡಲಿಲ್ಲ.

ಮಷಿನ್ ಹಾಕಿದ್ದರಲ್ಲಿ ಇನ್ನೊಂದು ತಪ್ಪೂ ಇತ್ತು, ಅದು ಆಮೇಲೆ ಗೊತ್ತಾಯಿತು. ಹಳೆ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಧೂಳು ಉಸಿರಿಗೆ ಹೋಗುತ್ತದೆ, ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಸೀಸ ಬಹಳ ಕೆಟ್ಟದ್ದು. ನನ್ನ ತಮ್ಮನ ಮಗಳು ಆ ಅಂಗಳದಲ್ಲೇ ಆಡುತ್ತಾಳೆ. ಗೊತ್ತಾದ ದಿನ ಅಂಗಳವನ್ನೆಲ್ಲಾ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದೆ. ಕೆರೆಯುವುದಾದರೆ, ಕೆಳಗೆ ಚಿತ್ರ ಇಲ್ಲ ಅಂತ ನೋಡಿಕೊಂಡು ಒದ್ದೆ ಮಾಡಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ. ಕರ್ಚೀಫು ಕಟ್ಟಿಕೊಂಡರೆ ಸಾಲದು. ಕೆಲಸಕ್ಕೆ ಹಾಕಿಕೊಂಡ ಬಟ್ಟೆ ಬೇರೆಯಾಗಿ ಒಗೆಯಿರಿ.

ಹಸಿರು ತೆಗೆದುಕೊಡಿ ಅಂತ ಹಲಗೆಯನ್ನು ಕಿನ್ನಾಳದ ಹಿರಿಯರ ಹತ್ತಿರವೇ ಬಿಟ್ಟು ಬಂದಿದ್ದೆ. ಅವರ ಕೈಯಲ್ಲಿ ದೇವರ ಮೂರ್ತಿಗಳ ಕೆಲಸ ಇತ್ತು. ಯುಗಾದಿ ಮುಗಿಯಲಿ ಅಂದರು. ಯುಗಾದಿ ಮುಗಿಯಿತು, ಇನ್ನೆರಡು ವಾರ ಅಂದರು. ಏಪ್ರಿಲ್ ಕೊನೆಗೆ ಫೋನ್ ಬಂತು. ಅಷ್ಟರಲ್ಲಿ ನಾನು ಆ ಮನೆಯ ಯಜಮಾನರಿಗೂ ಹೇಳಿದೆ. ಒಲೆಗೆ ಹೋಗುವ ಕಟ್ಟಿಗೆ ಅಂತ ಕೊಟ್ಟಿದ್ದರು, ಚಿತ್ರ ಇದೆ ಅಂತ ಗೊತ್ತಿದ್ದರೆ ಕೊಡುತ್ತಿರಲಿಲ್ಲವೇನೋ. ಕೈಯಲ್ಲಿ ಚೀಟಿ ಇದೆ ಅಂತ ಸುಮ್ನೆ ಇರುವುದು ಸರಿ ಅನಿಸಲಿಲ್ಲ. ಅವರು ಮನೆಗೆ ಬಂದರು, ಫೋನಿನಲ್ಲಿದ್ದ ಹಲಗೆಯ ಫೋಟೋ ದೊಡ್ಡದು ಮಾಡಿ ನೋಡಿದರು.

"ನಾವ್ ಮೂರೂ ಮಂದಿ ಇದರಾಗ ಮಲಗಿದ್ವಂತ," ಅಂದರು. "ನಮ್ಮಕ್ಕನ ಮದುವ್ಯಾಗ ಬಾಗಲಕ್ಕ ತಂದ ಬಣ್ಣ ಉಳೀತು ಅಂತ ನಮ್ಮಾಯಿ ಇದಕ್ಕೂ ಬಳಿಸಿದ್ಲು. ಗಿಳಿ ಇದ್ದದ್ದು ನನಗೂ ಗೊತ್ತಿರಲಿಲ್ಲ ನೋಡ್ರಿ." ಆಮೇಲೆ ಬಾಗಿಲ ತನಕ ಹೋಗಿ ತಿರುಗಿ, "ನಿಮ್ ಹತ್ರನ ಇರಲಿ. ನಮ್ ಹೊಸ ಮನ್ಯಾಗ ಇಡಾಕ ಜಾಗಿಲ್ಲ. ನೋಡಬೇಕು ಅನಿಸಿದ್ರ ಬರ್ತೀನಿ," ಅಂದರು.

ಕಿನ್ನಾಳದಿಂದ ಹಲಗೆ ತರುವಾಗ ಅದನ್ನು ನೋಡಿ ಗಂಟಲು ಕಟ್ಟಿತು. ಹಿರಿಯರು ಮೊಂಡು ಚಾಕುವಿನಿಂದ ಹಸಿರನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ್ದರು. ಎಲ್ಲಾ ಬಂದಿರಲಿಲ್ಲ. ಕೆಲವು ಕಡೆ ಹಸಿರು ಕಚ್ಚಿಕೊಂಡಿತ್ತು, ಅಲ್ಲಿ ಬಿಟ್ಟಿದ್ದರು. ನಡುವೆ ಕಮಲ, ಬಲಕ್ಕೆ ಪೂರ್ತಿ ಗಿಳಿ, ಕಣ್ಣಿಗೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಬಿಳಿ ಬಳೆ. ಎಡಕ್ಕೆ ತಲೆಯಿಲ್ಲದ ಗಿಳಿ. ಹೊಸ ತಲೆ ಬರೆಯಲೇ ಅಂತ ಕೇಳಿದರು. ಬಲಗಡೆಯದ್ದನ್ನು ನೋಡಿ ಹಾಗೇ ಬರೆಯಬಲ್ಲರು, ಅದರಲ್ಲಿ ಅನುಮಾನವಿಲ್ಲ. ಬೇಡ ಅಂದೆ. ಆ ಜಾಗದ ಅಂಚು ಇನ್ನು ಉದುರದಂತೆ ಅಂಟು ಹಾಕಿ ಭದ್ರ ಮಾಡಿಕೊಟ್ಟರು. 3,000 ರೂಪಾಯಿ ತೆಗೆದುಕೊಂಡರು. ಅವರು ಹಾಕಿದ ದಿನ ಲೆಕ್ಕ ಹಾಕಿದರೆ ಅದು ಬಹಳ ಕಡಿಮೆ.

ಆಮೇಲೆ ಜೋಡಿಸುವ ಕೆಲಸ. ಬಡಿಗೇರ ಕಾಕಾ ಎರಡು ದಿನ ಬಂದರು, 1,800 ರೂಪಾಯಿ. ಕಾಲುಗಳು ಸಡಿಲಾಗಿದ್ದವು. ಹಳೆಯವರು ಸರೇಸು, ಅಂದರೆ ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡುವ ಅಂಟು ಹಾಕಿ ಕೂಡಿಸಿದ್ದರು. ಅದು ಬಿಸಿನೀರಿಗೆ ಕರಗುತ್ತದೆ, ಬಟ್ಟೆ ಬಿಸಿನೀರಲ್ಲಿ ಅದ್ದಿ ಸುತ್ತಿದರೆ ಅರ್ಧ ಗಂಟೆಯಲ್ಲಿ ಬಿಟ್ಟುಕೊಂಡಿತು. ಹಳೆ ಅಂಟು ಪೂರ್ತಿ ತೆಗೆಯದೆ ಹೊಸ ಫೆವಿಕಾಲ್ ಹಾಕಿದರೆ ಹಿಡಿಯುವುದಿಲ್ಲ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಅಂಟು ಹಾಕುವ ಮೊದಲು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಬೇಕು. ಬಿಗಿ ಹಿಡಿಯಲು ನಮ್ಮ ಹತ್ತಿರ ಕ್ಲಾಂಪ್ ಇರಲಿಲ್ಲ. ಕಾಕಾ ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುವಿ ತಿರುವಿ ಬಿಗಿ ಮಾಡಿ ರಾತ್ರಿಯಿಡೀ ಬಿಟ್ಟರು. ಎತ್ತಿನ ಗಾಡಿಗೆ ಮೇವು ಬಿಗಿದಂತೆ.

ಪಾಲಿಶಿಗೆ ಅರಗಿನ ಚಕ್ಕೆ, ಸ್ಪಿರಿಟ್ ಬೇಕು. ಲೀಟರಿಗೆ 200 ಗ್ರಾಂ ಚಕ್ಕೆ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕರಗಿರುತ್ತದೆ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಸ್ಪಿರಿಟ್ ಎಲ್ಲಾ ಅಂಗಡಿಯಲ್ಲಿ ಸಿಗಲಿಲ್ಲ, ನಾಲ್ಕು ಅಂಗಡಿ ತಿರುಗಿದೆ. ಅದು ವಿಷ, ನೀರಿನ ಬಾಟಲಿಯಲ್ಲಿ ಮಾತ್ರ ಯಾವತ್ತೂ ತುಂಬಿಡಬೇಡಿ. ಮೊದಲ ದಿನ ಮಧ್ಯಾಹ್ನ ಹಚ್ಚಿದೆ. ಬಿಸಿಗಾಳಿಗೆ ಕೈ ಎಳೆಯುವುದರೊಳಗೆ ಒಣಗಿ ಗೆರೆ ಗೆರೆ ಎದ್ದಿತು. ಸ್ಪಿರಿಟ್ ಬಟ್ಟೆಯಿಂದ ಅದನ್ನು ಕರಗಿಸಿ ತೆಗೆದು, ಮರುದಿನದಿಂದ ಬೆಳಿಗ್ಗೆ ಆರಕ್ಕೆ ಎದ್ದೆ. ಎಂಟರೊಳಗೆ ಒಂದು ಕೈ. ಮಧ್ಯೆ 320 ನಂಬರಿನ ಕಾಗದದಿಂದ ಹಗುರಾಗಿ ಸವರುವುದು. ಒಟ್ಟು ಒಂಬತ್ತು ಕೈ. ಮಳೆಗಾಲಕ್ಕೆ ಮುಂದೂಡಬೇಡಿ, ತೇವ ಇದ್ದರೆ ಅರಗಿನ ಪಾಲಿಶ್ ಬೆಳ್ಳಗೆ ಮಂಜು ಕಟ್ಟುತ್ತದೆ. ಚಿತ್ರದ ಹಲಗೆಗೆ ಏನೂ ಹಚ್ಚಲಿಲ್ಲ, ಹಿರಿಯರ ಮಾತು ಅದು.

ದುಡ್ಡಿನ ವಿಷಯ. ಬಿಟ್ಟಿ ಸಿಕ್ಕ ಸಾಮಾನಿಗೆ ಒಟ್ಟು 8,070 ರೂಪಾಯಿ ಆಯಿತು, ಬೆಂಚಿನದ್ದೂ ಸೇರಿ. ಹಿರಿಯರದ್ದು, ಕಾಕಾನದ್ದು ಬಿಟ್ಟರೆ ಉಳಿದದ್ದು ಟಂಟಂ 500, ಹೊಸ ಕಬ್ಬಿಣದ ಸರಪಳಿ 420, ಮಿಕ್ಕದ್ದು ಕಾಗದ, ರಿಮೂವರ್, ಅರಗು, ಎಣ್ಣೆ, ಓಡಾಟ. ಮಾರಿ ಲಾಭ ಮಾಡಬೇಕು ಅಂತ ಇದಕ್ಕೆ ಇಳಿಯುವವರು ಬೆಂಚಿನಂಥ ಸಾಮಾನು ಮಾತ್ರ ಹುಡುಕಿ. ಅದಕ್ಕೆ ಖರ್ಚು ಸಾವಿರದೊಳಗೇ ಆಯಿತು.

ಹೋದ ವಾರ ಬಾಜು ಮನೆ ಅಕ್ಕ ಬಂದರು. ಅವರ ಮಗಳ ಕೂಸಿಗೆ ಹೆಸರಿಡುವ ದಿನ ಗೊತ್ತಾಗಿತ್ತು. ನಾಲ್ಕು ತಿಂಗಳು ಗೋಡೆಯ ಆಚೆಯಿಂದ ಉಜ್ಜುವ ಸದ್ದು ಕೇಳಿದವರು ಅವರು. "ಕೂಸನ್ನ ಇದರಾಗ ಹಾಕೂಣೇನು?" ಅಂದರು. ನನ್ನ ಬಾಯಿಗೆ ಹೂಂ ಅನ್ನುವುದೇ ಬಂದಿತ್ತು. ಆದರೆ ಹಲಗೆಯಲ್ಲಿ ಕಚ್ಚಿಕೊಂಡ ಹಸಿರು ಇನ್ನೂ ಇದೆ. ಹಳೆ ಬಣ್ಣದಲ್ಲಿ ಏನೇನಿದೆಯೋ. ಕೂಸು ಮೂತಿ ಒತ್ತುವುದೇ ಅಲ್ಲಿ. ಸೀಸದ ವಿಷಯ ಬಿಡಿಸಿ ಹೇಳಿದೆ. ಅವರ ಮುಖ ಬಾಡಿತು. ಅಷ್ಟು ಕಷ್ಟಪಟ್ಟು ಮಾಡಿ ಕೂಸಿಗೆ ಇಲ್ಲ ಅಂತೀಯಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತೊಟ್ಟಿಲಿನಲ್ಲಿ ಈಗ ಅವ್ವನ ಕೌದಿಗಳು ಇವೆ. ಖಾಲಿ ಇಡಬಾರದು ಅಂತ ಅವಳೇ ಮಡಚಿ ಇಟ್ಟಿದ್ದಾಳೆ.

ಬೆಂಚನ್ನು ಮಾತ್ರ ಹೆಸರಿಡುವ ದಿನ ಬೆಳಿಗ್ಗೆ ನಾನೂ ತಮ್ಮನೂ ಹಿಡಿದು ಅವರ ಪಡಸಾಲೆಗೆ ಒಯ್ದಿಟ್ಟೆವು. ಐದು ಮಂದಿ ಮುತ್ತೈದೆಯರು ಸಾಲಾಗಿ ಕೂತು ಜೋಗುಳ ಹಾಡಿದರು. ಬೆಂಚು ಕಿರ್ ಅನ್ನಲಿಲ್ಲ.